ಸಂಗೀತ ಕಛೇರಿಯೋ ಸಂದರ್ಶನವೋ: ಆಕಾಶವಾಣಿಯ ಬರುವ ವಾರವನ್ನು ಆರಿಸಿಕೊಳ್ಳುವ ಬಗೆ

ರಾತ್ರಿ ಒಂಬತ್ತೂವರೆಗೆ ಒಂದು ಕೇಂದ್ರದಲ್ಲಿ ಹಿಂದೂಸ್ತಾನಿ ಗಾಯನ, ಅದೇ ಹೊತ್ತಿಗೆ ಇನ್ನೊಂದರಲ್ಲಿ ಹಿರಿಯ ರಂಗಕರ್ಮಿಯೊಬ್ಬರ ಸಂದರ್ಶನ. ಎರಡೂ ಬೇಕು, ಇರುವುದು ಒಂದೇ ಜೊತೆ ಕಿವಿ. ಇಂಥ ಇಕ್ಕಟ್ಟಿನಲ್ಲಿ ಹೆಚ್ಚಿನವರು ಮಾಡುವುದು ಇಷ್ಟು: ಮಾತು ತಪ್ಪಿದರೆ ಮತ್ತೆ ಸಿಗದು ಎಂದು ಸಂದರ್ಶನವನ್ನು ಕೂತು ಕೇಳುತ್ತಾರೆ, ಹಾಡನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಾರೆ. ಉಲ್ಟಾ ಮಾಡುವುದೇ ಸರಿ. ಸಂದರ್ಶನದಲ್ಲಿ ಉಳಿಯಬೇಕಾದದ್ದು ಮಾತು. ಅದು ಸಾಧಾರಣ ಮುದ್ರಣದಲ್ಲೂ ಪೂರ್ತಿ ಉಳಿಯುತ್ತದೆ, ಅರ್ಥವಾಗದ ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಿ ಕೇಳಲೂಬಹುದು. ತಂಬೂರಿಯ ಝೇಂಕಾರ, ಮೃದಂಗದ ಚಾಪು, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ ಇವೆಲ್ಲ ಮನೆಯ ಮುದ್ರಣದಲ್ಲಿ ಮೊದಲಿಗೆ ಕಳೆದುಹೋಗುವ ಸಂಗತಿಗಳು. ಹಾಡನ್ನು ಆಗಲೇ ಕೇಳಿ, ಮಾತನ್ನು ಮುದ್ರಿಸಿಕೊಳ್ಳಿ. ವಿನಾಯಿತಿ ಎಂದರೆ ಕೇಳುಗರು ಕರೆ ಮಾಡಿ ಮಾತಾಡುವ ಫೋನ್-ಇನ್ ಮಾತ್ರ. ಪ್ರಶ್ನೆ ಕೇಳುವ ಇರಾದೆಯಿದ್ದರೆ ಅಲ್ಲಿ ನೀವು ಆ ಹೊತ್ತಿಗೆ ಇರಲೇಬೇಕು.

ಆದರೆ ಈ ಮಾತು ಎಲ್ಲ ಕಛೇರಿಗೂ ಎಲ್ಲ ಸಂದರ್ಶನಕ್ಕೂ ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಅದಕ್ಕೆ ಮೊದಲು ಪಟ್ಟಿಯಲ್ಲಿ ಬರೆದಿರುವುದು ನಿಜವಾಗಿ ಏನು ಎಂದು ಗೊತ್ತಾಗಬೇಕು.

ಪಟ್ಟಿಯ ಸಾಲನ್ನು ಬಿಡಿಸಿ ಓದುವುದು

ಆಕಾಶವಾಣಿಯ ಕೇಂದ್ರಗಳು ಆಯಾ ದಿನದ ಕಾರ್ಯಕ್ರಮ ವಿವರವನ್ನು ಬೆಳಗಿನ ಪ್ರಸಾರದಲ್ಲೇ ಓದುತ್ತವೆ. ಹಲವು ಕೇಂದ್ರಗಳು ತಮ್ಮ ಸಾಮಾಜಿಕ ಜಾಲತಾಣದ ಪುಟಗಳಲ್ಲೂ ಹಾಕುತ್ತವೆ. ಓದುವ ಆ ಎರಡು ಮೂರು ನಿಮಿಷವನ್ನೇ ಮುದ್ರಿಸಿಟ್ಟುಕೊಂಡರೆ ಬರೆದುಕೊಳ್ಳುವ ಗಡಿಬಿಡಿ ಇಲ್ಲ.

ಒಂದು ಸಾಲು ಹೀಗಿರುತ್ತದೆ ಎಂದಿಟ್ಟುಕೊಳ್ಳಿ: ‘ಕರ್ನಾಟಕ ಸಂಗೀತ, ಗಾಯನ, ಪಿಟೀಲು, ಮೃದಂಗ, 30 ನಿಮಿಷ’. ಜೊತೆಯಲ್ಲಿ ಪಕ್ಕವಾದ್ಯದವರ ಹೆಸರೂ ಇದ್ದರೆ ಅದು ಸಾಮಾನ್ಯವಾಗಿ ಕೇಂದ್ರದ ಸ್ಟುಡಿಯೊದಲ್ಲೇ ಆದ ಮುದ್ರಣ ಅಥವಾ ನೇರ ಗಾಯನ. ಗಾಯಕರ ಹೆಸರು ಮಾತ್ರ ಇದ್ದು ಮುಂದೆ ‘ಧ್ವನಿಮುದ್ರಿಕೆಗಳಿಂದ’ ಎಂದಿದ್ದರೆ ಮಾರುಕಟ್ಟೆಯಲ್ಲಿ ಸಿಗುವ ಡಿಸ್ಕನ್ನೇ ಹಾಕುವ ಸಂಭವ ಹೆಚ್ಚು. ಅದಕ್ಕಾಗಿ ಇನ್ನೊಂದು ಕಾರ್ಯಕ್ರಮ ಬಿಡಬೇಕಾಗಿಲ್ಲ. ‘ಸಂಗ್ರಹದಿಂದ’ ಎಂದಿದ್ದರೆ ಕಿವಿ ನಿಮಿರಲಿ. ಅದು ಆಕಾಶವಾಣಿಯದೇ ಹಳೆಯ ಮುದ್ರಣ, ಬೇರೆಲ್ಲೂ ಸಿಗದಿರಬಹುದು. ‘ಸಹಪ್ರಸಾರ’ ಎಂದರೆ ಬೇರೆ ಕೇಂದ್ರದಿಂದ, ಹೆಚ್ಚಾಗಿ ದೆಹಲಿಯಿಂದ ಅಥವಾ ಬೆಂಗಳೂರಿನಿಂದ, ಬರುವುದನ್ನು ನಿಮ್ಮ ಕೇಂದ್ರ ಹಾಯಿಸುತ್ತಿದೆ ಎಂದರ್ಥ. ಸಹಪ್ರಸಾರವಾದರೆ ಅದೇ ಕಾರ್ಯಕ್ರಮ ಅದೇ ಹೊತ್ತಿಗೆ ಬೇರೆ ಕಂಪನಾಂಕಗಳಲ್ಲೂ ಸಿಗುತ್ತದೆ, ಆದ್ದರಿಂದ ಶುದ್ಧವಾಗಿ ಬರುವ ಕೇಂದ್ರವನ್ನು ಹುಡುಕಿಕೊಳ್ಳಿ. ಇದು ತೀರ ಉಪಯೋಗದ ಸುಳಿವು, ಗಮನಿಸುವವರು ಕಡಿಮೆ.

ಕಲಾವಿದರ ಶ್ರೇಣಿ ಪಟ್ಟಿಯಲ್ಲಿ ಇರುವುದಿಲ್ಲ. ಆಕಾಶವಾಣಿ ಧ್ವನಿಪರೀಕ್ಷೆ ನಡೆಸಿ ಬಿ, ಬಿ ಹೈ, ಎ, ಟಾಪ್ ಎಂದು ಶ್ರೇಣಿ ಕೊಡುತ್ತದೆ. ಸಂಭಾವನೆ ಅದನ್ನು ಅನುಸರಿಸುತ್ತದೆ. ಕೇಳುಗರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಿ ಹೈ ಶ್ರೇಣಿಯ ಯುವಕರು ಮುಂದಿನ ಮೆಟ್ಟಿಲ ಮೇಲೆ ಕಣ್ಣಿಟ್ಟು ಎಚ್ಚರದಿಂದ ಹಾಡುತ್ತಾರೆ. ಹೆಸರು ಗೊತ್ತಿಲ್ಲ ಎಂದು ದಾಟಿಬಿಡುವುದು ನಷ್ಟ.

ಪಟ್ಟಿ ಮಾತು ತಪ್ಪುವ ದಿನಗಳೂ ಇವೆ. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 11ಕ್ಕೆ ‘ಮನ್ ಕೀ ಬಾತ್’ ಎಲ್ಲ ಕೇಂದ್ರಗಳಲ್ಲೂ ಬರುತ್ತದೆ, ಅದರ ಹಿಂದೆಯೇ ಕನ್ನಡ ರೂಪ. ಆ ಹೊತ್ತಿನ ಕಾರ್ಯಕ್ರಮ ಆ ವಾರ ಇಲ್ಲವೆಂದೇ ಲೆಕ್ಕ. ಕ್ರಿಕೆಟ್ ವೀಕ್ಷಕ ವಿವರಣೆ, ಬಜೆಟ್ ಭಾಷಣ, ಚುನಾವಣಾ ಫಲಿತಾಂಶ ಬಂದಾಗ ಮೊದಲು ಜಾಗ ಬಿಡುವುದು ಸಂಗೀತ. ರಾಷ್ಟ್ರೀಯ ಶೋಕ ಘೋಷಣೆಯಾದರೆ ಚಿತ್ರಗೀತೆ, ಹಾಸ್ಯ, ಲಘು ಕಾರ್ಯಕ್ರಮಗಳು ಹೋಗಿ ವಾದ್ಯಸಂಗೀತ ಬರುತ್ತದೆ. ಹೊತ್ತು ಗೊತ್ತುಮಾಡಿ ಯಂತ್ರಕ್ಕೆ ಬಿಟ್ಟು ಹೋಗುವವರು ಇಂಥ ದಿನ ಕೈ ಸುಟ್ಟುಕೊಳ್ಳುತ್ತಾರೆ.

ಯಾವ ವಾಹಿನಿಯಲ್ಲಿ ಯಾವುದನ್ನು ಹುಡುಕಬೇಕು

‘ಆಕಾಶವಾಣಿ’ ಎಂದರೆ ಒಂದೇ ವಾಹಿನಿ ಅಲ್ಲ. ಹೆಸರಿನ ಮೂಲ ಮೈಸೂರು: 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಧಾರವಾಡ ಕೇಂದ್ರ 1950ರದ್ದು, ಬೆಂಗಳೂರು ಕೇಂದ್ರ 1955ರದ್ದು. ಇಂದು ಒಂದೇ ಊರಿನಲ್ಲಿ ಎರಡು ಮೂರು ವಾಹಿನಿಗಳಿರಬಹುದು, ಪ್ರತಿಯೊಂದರ ಸ್ವಭಾವ ಬೇರೆ.

ಮಧ್ಯಮ ತರಂಗದ (ಮೀಡಿಯಂ ವೇವ್) ಮೂಲ ವಾಹಿನಿಯೇ ಸಂದರ್ಶನಗಳ ತವರು. ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765, ಭದ್ರಾವತಿ 675, ಕಲಬುರಗಿ 1107. ಕೃಷಿ, ಆರೋಗ್ಯ, ಸಾಹಿತ್ಯ, ರಂಗಭೂಮಿ, ಮಹಿಳೆಯರ ಕಾರ್ಯಕ್ರಮ, ಯುವವಾಣಿ ಇಲ್ಲೇ. ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಜಾನಪದಕ್ಕೂ ಇಲ್ಲಿ ಗೊತ್ತಾದ ಹೊತ್ತುಗಳಿವೆ. ವಾರದಲ್ಲಿ ಒಂದೇ ವಾಹಿನಿಯನ್ನು ಆರಿಸಿಕೊಳ್ಳಬೇಕೆಂದರೆ ಇದನ್ನೇ ಆರಿಸಿ. ಗದ್ದಲ ಹೆಚ್ಚು, ಆದರೆ ಬೇರೆಲ್ಲೂ ಸಿಗದ ಸರಕು ಇರುವುದು ಇಲ್ಲಿಯೇ.

ಮೈಸೂರು (100.6 ಮೆಗಾಹರ್ಟ್ಸ್), ಹಾಸನ (102.2), ಮಡಿಕೇರಿ (103.1), ಚಿತ್ರದುರ್ಗದಂಥ (102.6) ಕಡೆ ಸ್ಥಳೀಯ ಕೇಂದ್ರ ಎಫ್‌ಎಂನಲ್ಲೇ ಇದೆ. ಇಲ್ಲಿನ ಕೇಳುಗರು ಅದೃಷ್ಟವಂತರು: ಮೂಲ ವಾಹಿನಿಯ ಸರಕು, ಎಫ್‌ಎಂನ ಸ್ಪಷ್ಟತೆ. ಮಡಿಕೇರಿಯಲ್ಲಿ ಕೊಡವ ಭಾಷೆಯ ಕಾರ್ಯಕ್ರಮಗಳು, ಮಂಗಳೂರು ಕೇಂದ್ರದಲ್ಲಿ ತುಳು, ಕೊಂಕಣಿ, ಯಕ್ಷಗಾನ. ಆ ಭಾಷೆ ಗೊತ್ತಿದ್ದವರಿಗೆ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಬೆಂಗಳೂರಿನಲ್ಲಿ ಆಕಾಶವಾಣಿಯದೇ ವಾಹಿನಿಯಾದ ರೇನ್‌ಬೋ 101.3ರಲ್ಲಿ ಹರಟೆ, ಚಿತ್ರಗೀತೆ, ನೇರ ಮಾತುಕತೆ. ನಿರೂಪಕರು ಚುರುಕು, ಆದರೆ ಹಾಡಿನ ಆರಂಭದ ಮೇಲೆ ಮಾತು ಹಾಯುವುದುಂಟು. ವಿವಿಧ ಭಾರತಿ 102.9 ಚಿತ್ರಗೀತೆಯವರಿಗೆ. 1952ರ ಸುಮಾರಿಗೆ ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಹೊರಬಿದ್ದು, ಕೇಳುಗರೆಲ್ಲ ರೇಡಿಯೊ ಸಿಲೋನಿಗೆ ಹೋದದ್ದರ ಫಲವಾಗಿ 1957ರ ಅಕ್ಟೋಬರಿನಲ್ಲಿ ಹುಟ್ಟಿದ ಸೇವೆ ಇದು. ಹಾಡಿನ ಜೊತೆ ಸಾಹಿತಿ, ಸಂಗೀತ ನಿರ್ದೇಶಕರ ಹೆಸರು ಹೇಳುವ ಶಿಸ್ತು ಇಲ್ಲಿ ಇನ್ನೂ ಇದೆ. ಖಾಸಗಿ ಎಫ್‌ಎಂಗಳಲ್ಲಿ ಅದು ಅಪರೂಪ.

ಶಾಸ್ತ್ರೀಯ ಸಂಗೀತವೇ ಬೇಕು, ಮಾತು ಬೇಡ ಎನ್ನುವವರಿಗೆ ರಾಗಂ. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಇಪ್ಪತ್ತನಾಲ್ಕು ತಾಸಿನ ವಾಹಿನಿ, ಡಿಟಿಎಚ್ ಮತ್ತು ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಸಿಗುತ್ತದೆ. ದೇಶದ ಬೇರೆಬೇರೆ ಕೇಂದ್ರಗಳ ಮುದ್ರಣಗಳು ಇಲ್ಲಿ ಬರುತ್ತವೆ. ಹಾಗಿದ್ದರೆ ಸ್ಥಳೀಯ ಕೇಂದ್ರದ ಅರ್ಧ ಗಂಟೆಯ ಗಾಯನ ಯಾಕೆ ಬೇಕು? ನಿಮ್ಮ ಜಿಲ್ಲೆಯ ಕಲಾವಿದರು ಅಲ್ಲಿ ಸಿಗುತ್ತಾರೆ ಎಂಬ ಒಂದೇ ಕಾರಣಕ್ಕೆ, ಮತ್ತು ಆ ಕಾರಣ ಸಾಕು. ಧಾರವಾಡದ ಸ್ಟುಡಿಯೊಗೆ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು, ಬೆಂಗಳೂರಿನಲ್ಲಿ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರು ಸಂಗೀತ ವಿಭಾಗ ನೋಡಿಕೊಂಡರು. ಉತ್ತರದ ಕೇಂದ್ರದಲ್ಲಿ ಹಿಂದೂಸ್ತಾನಿ, ದಕ್ಷಿಣದಲ್ಲಿ ಕರ್ನಾಟಕ ಸಂಗೀತ ಎಂಬ ಒಲವು ಇಂದಿಗೂ ಪಟ್ಟಿಯಲ್ಲಿ ಕಾಣುತ್ತದೆ.

ಸಮುದಾಯ ರೇಡಿಯೊಗಳನ್ನೂ ಲೆಕ್ಕಕ್ಕೆ ಹಿಡಿಯಿರಿ: ಮಂಗಳೂರಿನ ಸಾರಂಗ್ 107.8, ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ 90.4, ರೇಡಿಯೊ ಮಣಿಪಾಲ್ 90.4. ಇವುಗಳಿಗೆ ಸಿಗುವ ಶಕ್ತಿ ಸಾಮಾನ್ಯವಾಗಿ 100 ವಾಟ್ ಒಳಗೆ, ಆದ್ದರಿಂದ ಹತ್ತು ಕಿಲೋಮೀಟರ್ ದಾಟಿದರೆ ಮಸುಕು. ಪಕ್ಕದ ಬೀದಿಯವರ ಸಂದರ್ಶನಕ್ಕೆ ಇವೇ ಸೈ. ಸಂಗೀತದ ಮುದ್ರಣ ಗುಣಮಟ್ಟ ಒಂದೊಂದು ದಿನ ಒಂದೊಂದು ಥರ.

ಸಂಗೀತದಲ್ಲಿ ಯಾವುದನ್ನು ಬಿಡಬಾರದು

ಸ್ಟುಡಿಯೊದ ಅರ್ಧ ಗಂಟೆಯ ಹೊತ್ತು ನೋಡಲು ಚಿಕ್ಕದು, ಒಳಗೆ ತುಂಬ ಬಿಗಿ. ಹಿಂದೂಸ್ತಾನಿಯಾದರೆ ಹದಿನೆಂಟು ಇಪ್ಪತ್ತು ನಿಮಿಷದ ವಿಲಂಬಿತ್ (ನಿಧಾನಗತಿಯ) ಖ್ಯಾಲ್, ಉಳಿದದ್ದು ವೇಗದ ದ್ರುತ್. ಕೆಲವರು ಕೊನೆಗೆ ಮೂರು ನಿಮಿಷದ ವಚನ ಅಥವಾ ದಾಸರ ಪದ ಸೇರಿಸುತ್ತಾರೆ. ಕರ್ನಾಟಕ ಸಂಗೀತವಾದರೆ ಒಂದು ಚಿಕ್ಕ ಕೃತಿ, ಆಮೇಲೆ ನಾಲ್ಕೈದು ನಿಮಿಷದ ಆಲಾಪನೆಯೊಂದಿಗೆ (ತಾಳವಿಲ್ಲದ ರಾಗವಿಸ್ತಾರ) ಮುಖ್ಯ ಕೃತಿ, ಮೃದಂಗವೊಂದೇ ನುಡಿಯುವ ಚುಟುಕಾದ ತನಿ, ಒಂದು ದೇವರನಾಮ. ಗಡಿಯಾರ ನೋಡಿಕೊಂಡು ಹಾಡಬೇಕಾದ್ದರಿಂದ ಕಲಾವಿದರು ಹಾಲ್‌ನಲ್ಲಿ ಮಾಡುವಂತೆ ಎಳೆದಾಡುವುದಿಲ್ಲ. ಮೊದಲ ಐದು ನಿಮಿಷ ತಪ್ಪಿದರೆ ಉದ್ಘೋಷಕರು ಹೇಳುವ ರಾಗ, ತಾಳ, ಪಕ್ಕವಾದ್ಯದ ವಿವರ ಎಲ್ಲ ಹೋಯಿತು. ಆಲಾಪನೆಯ ಅರ್ಧವೂ ಹೋಗಿರುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ತಡವಾಗಿ ಬಂದು ಕೂರುವುದಕ್ಕಿಂತ ಬೇರೆಯದನ್ನು ಆರಿಸಿಕೊಳ್ಳುವುದು ಮೇಲು.

ಆಕಾಶವಾಣಿ ಸಂಗೀತ ಸಮ್ಮೇಳನದ ಕಛೇರಿಗಳು ಬೇರೆ ಜಾತಿ. 1954ರಿಂದ ನಡೆದುಬಂದ ಈ ಸಮ್ಮೇಳನ ಆಹ್ವಾನಿತ ಶ್ರೋತೃಗಳೆದುರು ನಡೆಯುತ್ತದೆ, ಆಮೇಲೆ ಸರದಿಯಂತೆ ಪ್ರಸಾರವಾಗುತ್ತದೆ. ಸ್ಟುಡಿಯೊ ಮುದ್ರಣದಲ್ಲಿ ಸಿಗದ ಬಿಸುಪು ಇಲ್ಲಿದೆ: ಜನರ ‘ವಾಹ್’, ತನಿಯಲ್ಲಿ ತಾಳ ಹಾಕುವ ಕೈ, ಕೆಮ್ಮು ಕೂಡ. 1952ರಲ್ಲಿ ಶುರುವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವೂ ದೀರ್ಘವಾದದ್ದೇ. ಇವು ಸಹಪ್ರಸಾರಗಳು, ಹಾಗಾಗಿ ಮೇಲೆ ಹೇಳಿದಂತೆ ಶುದ್ಧವಾಗಿ ಬರುವ ಕೇಂದ್ರವನ್ನು ಆರಿಸಿಕೊಳ್ಳಬಹುದು. ಸಮ್ಮೇಳನದ ಕಛೇರಿಯೂ ಸ್ಥಳೀಯ ಕಲಾವಿದರ ಅರ್ಧ ಗಂಟೆಯೂ ಡಿಕ್ಕಿ ಹೊಡೆದರೆ? ಸಮ್ಮೇಳನದ್ದು ರಾಗಂನಲ್ಲಿಯೋ ಬೇರೆ ಕಡೆಯೋ ಮತ್ತೆ ಬರುವ ಸಾಧ್ಯತೆ ಇದೆ. ಸ್ಥಳೀಯದ್ದಕ್ಕೆ ಆ ಭಾಗ್ಯ ಕಡಿಮೆ. ಸ್ಥಳೀಯದ್ದನ್ನೇ ಕೇಳಿ.

ಸಂಗ್ರಹದ ಮುದ್ರಣ ಕೇಳುವಾಗ ಒಂದು ವಿಷಯ ಗೊತ್ತಿದ್ದರೆ ರುಚಿ ಹೆಚ್ಚು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಆ ಕಾಲದ ಹಿಂದೂಸ್ತಾನಿ ಗಾಯನದಲ್ಲಿ ಹಾರ್ಮೋನಿಯಂ ಕೇಳಿಸದಿರುವುದು ಅದಕ್ಕೇ, ಅದರ ಜಾಗದಲ್ಲಿ ಹೆಚ್ಚಾಗಿ ಸಾರಂಗಿ ಇರುತ್ತದೆ. ಹಳೆಯ ಟೇಪಿನ ಹಿಸ್ ಸದ್ದು ಬರುತ್ತದೆಂದು ಟ್ರೆಬಲ್ (ಮೇಲಿನ ಸ್ವರಗಳ ಮಟ್ಟ) ತಗ್ಗಿಸಬೇಡಿ, ಹಿಸ್ ಜೊತೆಗೆ ಸಾರಂಗಿಯ ಅಂಚೂ ಹೋಗುತ್ತದೆ.

ಕೋರಿಕೆಯ ಚಿತ್ರಗೀತೆ ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸ ಮಾಡುತ್ತ ಕೇಳಲು ಚೆನ್ನ, ಹೋಲಿಕೆಗೆ ಬಂದಾಗ ಬಿಟ್ಟುಕೊಡಬಹುದಾದದ್ದು ಇದೇ ಮೊದಲು.

ಸಂದರ್ಶನ ಎಂಬ ಹೆಸರಿನಲ್ಲಿ ಐದಾರು ಬಗೆ

ಮುದ್ರಿಸಿ ಕತ್ತರಿಸಿದ ಸಂದರ್ಶನ ಒಂದು. ಮುಕ್ಕಾಲು ಗಂಟೆ ಮಾತಾಡಿಸಿ ಹದಿನೈದೋ ಇಪ್ಪತ್ತೋ ನಿಮಿಷಕ್ಕೆ ಇಳಿಸಿರುತ್ತಾರೆ. ಸಾಂದ್ರ, ಪ್ರತಿ ವಾಕ್ಯಕ್ಕೂ ತೂಕ. ಮುದ್ರಿಸಿಕೊಳ್ಳಲು ಹೇಳಿ ಮಾಡಿಸಿದ್ದು. ನೇರ ಸಂದರ್ಶನದಲ್ಲಿ ಮೊದಲ ಐದು ನಿಮಿಷ ಪರಿಚಯ, ನಡುವೆ ಹಾಡು ಅಥವಾ ಪ್ರಕಟಣೆ, ಕೊನೆಯಲ್ಲಿ ಹೊತ್ತು ಸಾಲದೆ ಅರ್ಧಕ್ಕೆ ನಿಂತ ಉತ್ತರ. ಆದರೆ ಕತ್ತರಿಸಿದ್ದರಲ್ಲಿ ಮಾಯವಾಗುವ ತಡವರಿಕೆ, ನಗು, ‘ಅದನ್ನ ಹೇಳಬಾರದು, ಆದರೂ ಹೇಳ್ತೀನಿ’ ಎನ್ನುವ ಕ್ಷಣ ಇಲ್ಲಿ ಸಿಗುತ್ತದೆ.

ಕಂತುಗಳಲ್ಲಿ ಬರುವ ದೀರ್ಘ ಸಂದರ್ಶನಗಳಿಗೆ ಬೆಲೆ ಹೆಚ್ಚು, ತಪ್ಪುವುದೂ ಇವೇ. ಎರಡನೇ ಕಂತಿನ ದಿನ ಕ್ರಿಕೆಟ್ ಬಂತೆಂದರೆ ಅದು ಮುಂದಿನ ವಾರಕ್ಕೆ ಜಾರುತ್ತದೆ, ಮೂರನೆಯದು ಅದರ ಮುಂದಿನದಕ್ಕೆ. ಪ್ರತಿ ಕಂತಿನ ಕೊನೆಯ ಎರಡು ನಿಮಿಷ ತಪ್ಪದೆ ಕೇಳಿ, ಮುಂದಿನ ಭಾಗ ಯಾವಾಗ ಎಂದು ಉದ್ಘೋಷಕರು ಹೇಳುವುದು ಅಲ್ಲಿ.

ಹಾಡುಗಳ ನಡುವೆ ಮಾತಾಡುವ ಕಲಾವಿದರ ಸಂದರ್ಶನ ಎರಡೂ ಕಡೆ ಆಸೆ ತೋರಿಸುತ್ತದೆ. ಸಂಗೀತಕ್ಕಾಗಿ ಅದನ್ನು ಆರಿಸಬೇಡಿ: ಹಾಡನ್ನು ಒಂದೂವರೆ ನಿಮಿಷಕ್ಕೆ ಮಸುಕಿಸಿ ಮಾತಿಗೆ ಬರುತ್ತಾರೆ. ಗುರುಗಳ ಬಗ್ಗೆ, ರಿಯಾಜ್ (ಅಭ್ಯಾಸ) ಬಗ್ಗೆ, ಒಂದು ಚೀಜ್ (ಹಾಡುವ ರಚನೆ) ಯಾರಿಂದ ಬಂತು ಎಂಬುದರ ಬಗ್ಗೆ ತಿಳಿಯಲು ಆರಿಸಿ. ಇದಕ್ಕೆ ತದ್ವಿರುದ್ಧ ರೂಪಕ. ಪಟ್ಟಿಯಲ್ಲಿ ಮಾತಿನ ಕಾರ್ಯಕ್ರಮದಂತೆ ಕಂಡರೂ ಧ್ವನಿಗಳನ್ನು, ಹಿನ್ನೆಲೆಯನ್ನು, ಸಂಗೀತವನ್ನು ಹೆಣೆದು ಮಾಡಿರುತ್ತಾರೆ. ಇದನ್ನು ಕಛೇರಿಯ ಹಾಗೆಯೇ ನಡೆಸಿಕೊಳ್ಳಿ, ಅಂದರೆ ಒಳ್ಳೆಯ ಸ್ಪೀಕರಿನಲ್ಲಿ, ಪ್ರಸಾರದ ಹೊತ್ತಿಗೇ.

ಫೋನ್-ಇನ್ ವೈದ್ಯರು, ಕೃಷಿ ತಜ್ಞರು, ವಕೀಲರು ಬಂದಾಗ ಅಮೂಲ್ಯ. ಅಡಿಕೆಯ ಸುಳಿ ಕೊಳೆತಕ್ಕೆ ಏನು ಮಾಡಬೇಕೆಂದು ಒಬ್ಬರು ಕೇಳಿದರೆ ನೂರು ತೋಟಕ್ಕೆ ಉತ್ತರ ಸಿಗುತ್ತದೆ. ಕಲಾವಿದರೊಡನೆ ಫೋನ್-ಇನ್ ಮಾತ್ರ ಬಹುಪಾಲು ‘ನಿಮ್ಮ ಹಾಡು ತುಂಬ ಇಷ್ಟ ಸರ್’ ಎಂಬಲ್ಲಿಗೆ ಮುಗಿಯುತ್ತದೆ. ಅದಕ್ಕೂ ಒಂದು ಸ್ಟುಡಿಯೊ ಗಾಯನಕ್ಕೂ ಡಿಕ್ಕಿಯಾದರೆ ಯೋಚಿಸುವ ಅಗತ್ಯವೇ ಇಲ್ಲ.

ಕೇಳುವ ದಾರಿ: ಇಲ್ಲಿ ಹೆಚ್ಚು ಜನ ಎಡವುತ್ತಾರೆ

ಮಧ್ಯಮ ತರಂಗದ ಧ್ವನಿ ಸುಮಾರು 4.5 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಎಫ್‌ಎಂ 15 ಕಿಲೋಹರ್ಟ್ಸ್‌ವರೆಗೆ ಒಯ್ಯುತ್ತದೆ. ಮನುಷ್ಯರ ಮಾತಿಗೆ ಮೊದಲನೆಯದು ಬಹುಮಟ್ಟಿಗೆ ಸಾಕು. ಕೊರತೆ ಕಾಣುವುದು ‘ಸ’, ‘ಶ’, ‘ಫ’ಗಳಲ್ಲಿ, ಅವುಗಳ ಸತ್ವ ಇರುವುದೇ ಮೇಲಿನ ಕಂಪನಗಳಲ್ಲಿ. ಅದಕ್ಕೇ ಸಂದರ್ಶನದಲ್ಲಿ ಬರುವ ಹೆಸರುಗಳು, ಊರುಗಳು ಮಧ್ಯಮ ತರಂಗದಲ್ಲಿ ತಪ್ಪಾಗಿ ಕೇಳಿಸುವುದು. ಫೋನ್-ಇನ್‌ನಲ್ಲಿ ಕರೆ ಮಾಡಿದವರ ಧ್ವನಿ ದೂರವಾಣಿಯ ದಾರಿಯಲ್ಲೇ 3.4 ಕಿಲೋಹರ್ಟ್ಸ್‌ಗೆ ಕುಗ್ಗಿರಬಹುದು, ಅದಕ್ಕೆ ಎಫ್‌ಎಂ ಇದ್ದರೂ ಹೆಚ್ಚಿನ ಲಾಭವಿಲ್ಲ. ಸಂಗೀತಕ್ಕೆ ಎಫ್‌ಎಂ, ಡಿಟಿಎಚ್ ಅಥವಾ ಆ್ಯಪ್ ಮೊದಲ ಆಯ್ಕೆ.

ಆದರೆ ಮಲೆನಾಡಿನ ಕಣಿವೆಯಲ್ಲಿದ್ದವರಿಗೆ ಈ ಮಾತು ತಿರುಗುಮುರುಗು. ಎಫ್‌ಎಂ ಅಲೆಯ ಉದ್ದ ಮೂರು ಮೀಟರ್, ಗುಡ್ಡ ಅಡ್ಡಬಂದರೆ ಮುಗಿಯಿತು. 612 ಕಿಲೋಹರ್ಟ್ಸ್‌ನ ಅಲೆ ಸುಮಾರು 490 ಮೀಟರ್ ಉದ್ದ, ಗುಡ್ಡವನ್ನು ಬಳಸಿಕೊಂಡು ನೆಲ ಹಿಡಿದು ಬರುತ್ತದೆ. 10 ಕಿಲೋವಾಟ್ ಎಫ್‌ಎಂ ಸಮತಟ್ಟು ನೆಲದಲ್ಲಿ 60 ಕಿಲೋಮೀಟರ್ ಆಸುಪಾಸು ಹಾಯ್ದರೆ, 200 ಕಿಲೋವಾಟ್ ಮಧ್ಯಮ ತರಂಗ ಹಗಲಲ್ಲಿ ಅದರ ಎರಡು ಮೂರು ಪಟ್ಟು ದೂರ ಹೋಗುತ್ತದೆ.

ರಾತ್ರಿಯ ಕಥೆ ಬೇರೆ. ಸೂರ್ಯ ಮುಳುಗಿದ ಮೇಲೆ ಮಧ್ಯಮ ತರಂಗ ಆಕಾಶಕ್ಕೆ ಹೋಗಿ ಮರಳಿ ಬರತೊಡಗುತ್ತದೆ. ನೂರಾರು ಕಿಲೋಮೀಟರ್ ಆಚೆಯವರಿಗೂ ಕೇಳಿಸುತ್ತದೆ, ನಿಜ. ಆದರೆ ನೆಲದ ಅಲೆ ಬಡವಾಗಿ ಆಕಾಶದ ಅಲೆ ಬಲವಾಗುವ ನಡುವಿನ ಪಟ್ಟಿಯಲ್ಲಿರುವವರಿಗೆ ಎರಡೂ ಒಂದನ್ನೊಂದು ಕಿತ್ತುಹಾಕುತ್ತವೆ. ಧ್ವನಿ ಏರಿಳಿಯುತ್ತದೆ, ಗಾಯನ ನೀರೊಳಗಿಂದ ಬಂದಂತಾಗುತ್ತದೆ. ಸೆಟ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯಬೇಡಿ. ಅಂಥವರು ಹಗಲಿನ ಸಂದರ್ಶನಕ್ಕೆ ರೇಡಿಯೊ, ರಾತ್ರಿಯ ಕಛೇರಿಗೆ ಆ್ಯಪ್ ಎಂದು ಹಂಚಿಕೊಳ್ಳುವುದೇ ಸರಿ.

ಇನ್ನೊಂದು ಬಲೆ ಡಿಜಿಟಲ್ ಟ್ಯೂನಿಂಗ್ ಸೆಟ್ಟುಗಳದ್ದು. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ. ಅಮೆರಿಕಕ್ಕೆಂದು ಮಾಡಿದ ಸೆಟ್ 10ರ ಹೆಜ್ಜೆ ಇಡುತ್ತದೆ. ಅದರಲ್ಲಿ 612ರ ಬದಲು 610 ಸಿಗುತ್ತದೆ, ಧ್ವನಿ ಸೀಳುತ್ತದೆ. 765 ಸರಿಯಾಗಿ ಸಿಗುವುದೇ ಇಲ್ಲ. ಹಲವು ಸೆಟ್ಟುಗಳಲ್ಲಿ 9/10 ಬದಲಿಸುವ ಸ್ವಿಚ್ಚೋ ಗುಂಡಿಯೋ ಇರುತ್ತದೆ, ಕೊಳ್ಳುವಾಗಲೇ ಕೇಳಿ ನೋಡಿ.

ಸೆಟ್ಟನ್ನು ತಿರುಗಿಸುವ ಕೆಲಸಕ್ಕೆ ಎರಡು ನಿಮಿಷ ಕೊಡಿ. ಮಧ್ಯಮ ತರಂಗವನ್ನು ಹಿಡಿಯುವುದು ಎಳೆಯುವ ಆ್ಯಂಟೆನಾ ಅಲ್ಲ, ಸೆಟ್ಟಿನೊಳಗೆ ಉದ್ದಕ್ಕೆ ಮಲಗಿರುವ ಫೆರೈಟ್ ಕಡ್ಡಿ. ಸೆಟ್ಟಿನ ಮುಖ ಅಥವಾ ಬೆನ್ನು ಪ್ರಸಾರಕದ ಕಡೆಗಿದ್ದರೆ ಧ್ವನಿ ಜೋರು, ಪಕ್ಕೆ ಆ ಕಡೆ ತಿರುಗಿದರೆ ಕುಸಿತ. ಆದರೆ ಜೋರಾದ ಜಾಗ ಹುಡುಕುವುದು ಅರ್ಧ ಜಾಣತನ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್ ಇವುಗಳ ಗುಂಯ್ ಕೂಡ ಒಂದು ದಿಕ್ಕಿನಿಂದ ಬರುತ್ತದೆ. ಸೆಟ್ಟನ್ನು ನಿಧಾನವಾಗಿ ತಿರುಗಿಸುತ್ತ ಗುಂಯ್ ಸಾಯುವ ಕೋನದಲ್ಲಿ ನಿಲ್ಲಿಸಿ. ಕೇಂದ್ರದ ಧ್ವನಿ ಸ್ವಲ್ಪ ಇಳಿದಿದ್ದರೂ ಮಾತು ಸ್ಪಷ್ಟವಾಗಿರುತ್ತದೆ. ಬ್ಯಾಟರಿಯಲ್ಲಿ ಓಡಿಸಿದರೆ ಅರ್ಧ ಗದ್ದಲ ತಾನಾಗೇ ಹೋಗುತ್ತದೆ. ಎಳೆಯುವ ಆ್ಯಂಟೆನಾ ಎಫ್‌ಎಂಗೆ. 75 ಸೆಂಟಿಮೀಟರ್ ಹತ್ತಿರ ಎಳೆದರೆ 100 ಮೆಗಾಹರ್ಟ್ಸ್‌ಗೆ ಸರಿಹೊಂದುತ್ತದೆ. ಎಫ್‌ಎಂನಲ್ಲಿ ಹಿಸ್ ಬಂದರೆ ಸ್ಟೀರಿಯೊ ಬಿಟ್ಟು ಮೋನೊಗೆ ಹಾಕಿ, ಬಹುತೇಕ ಮಾಯವಾಗುತ್ತದೆ. ಒಬ್ಬರ ಸಂದರ್ಶನಕ್ಕೆ ಸ್ಟೀರಿಯೊ ಇಟ್ಟುಕೊಂಡು ಮಾಡುವುದೇನಿದೆ?

ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ದೇಶದ ಇನ್ನೂರಕ್ಕೂ ಹೆಚ್ಚು ಧಾರೆಗಳಿವೆ (ಅಂತರ್ಜಾಲದಲ್ಲಿ ಹರಿಯುವ ಪ್ರಸಾರಗಳು), ಬೀದರಿನಲ್ಲಿ ಕೂತು ಮಡಿಕೇರಿಯನ್ನು ಕೇಳಬಹುದು. 64 ಕಿಲೋಬಿಟ್ ಧಾರೆಯಾದರೆ ಗಂಟೆಗೆ ಸುಮಾರು 29 ಎಂಬಿ ಡೇಟಾ, 128 ಆದರೆ 58 ಎಂಬಿ. ತೊಂದರೆ ಎರಡು. ಒಂದು, ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆ ಪರದೆ ಆರಿದ ಹತ್ತು ನಿಮಿಷಕ್ಕೆ ಆ್ಯಪನ್ನು ಮಲಗಿಸಿಬಿಡಬಹುದು. ಸೆಟ್ಟಿಂಗ್‌ನಲ್ಲಿ ಅದಕ್ಕೆ ವಿನಾಯಿತಿ ಕೊಡಿ. ಎರಡು, ಧಾರೆ ರೇಡಿಯೊಗಿಂತ ಹಿಂದೆ ಇರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು. ಗಡಿಯಾರ ಸರಿಮಾಡಿಕೊಳ್ಳಲು ಅದರ ಬೀಪ್ ನಂಬಬೇಡಿ.

ದೂರದರ್ಶನದ ಉಚಿತ ಡಿಟಿಎಚ್ ಆದ ಡಿಡಿ ಫ್ರೀ ಡಿಶ್ ಇದ್ದವರು ಅದರಲ್ಲಿ ರೇಡಿಯೊ ವಾಹಿನಿಗಳೂ ಇವೆ ಎಂಬುದನ್ನು ಮರೆತೇಬಿಡುತ್ತಾರೆ. ತಿಂಗಳ ಬಾಡಿಗೆ ಇಲ್ಲ, ಡೇಟಾ ಬೇಡ, ಏರಿಳಿತವಿಲ್ಲ. ಜೋರು ಮಳೆ ಬಂದಾಗ ಮಾತ್ರ ಕಡಿಯುತ್ತದೆ. ಸೆಟ್-ಟಾಪ್ ಪೆಟ್ಟಿಗೆಯ ಆಡಿಯೊ ಹೊರಗಿಂಡಿಯಿಂದ ಸ್ಪೀಕರಿಗೆ ತಂತಿ ಎಳೆದರೆ ಟಿವಿ ಆರಿಸಿಡಬಹುದು. ಮನೆಯಲ್ಲಿ ರಾಗಂ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡಿಆರ್‌ಎಂ ಎಂಬ ಡಿಜಿಟಲ್ ಮಧ್ಯಮ ತರಂಗವೂ ಇದೆ, ಆದರೆ ಅದಕ್ಕೆ ಬೇರೆಯೇ ಸೆಟ್ ಬೇಕು. ಕೆಲವು ಕಾರುಗಳಲ್ಲಿ ಅದು ಇರುತ್ತದೆ. ನಿಮ್ಮದರಲ್ಲಿದ್ದರೆ ಬಳಸಿ, ಇಲ್ಲದಿದ್ದರೆ ಅದಕ್ಕಾಗಿ ಖರ್ಚು ಬೇಡ.

ಮುದ್ರಿಸಿಕೊಳ್ಳುವವರಿಗೆ

ಸಂದರ್ಶನಕ್ಕೆ ಎಂಪಿ3, ಮೋನೊ, 64 ಕಿಲೋಬಿಟ್ ಧಾರಾಳ. ಕಛೇರಿಯನ್ನೂ ಮುದ್ರಿಸಲೇಬೇಕಾದರೆ 192, ಗಂಟೆಗೆ ಸುಮಾರು 86 ಎಂಬಿ. ವೇವ್ ರೂಪದಲ್ಲಿ ಗಂಟೆಗೆ 635 ಎಂಬಿ ದಾಟುತ್ತದೆ. ಹಳೆಯ ಮೆಮೊರಿ ಕಾರ್ಡ್ ಫ್ಯಾಟ್32 ಎಂಬ ಕಡತ ಜೋಡಣೆಯದಾಗಿದ್ದರೆ ಒಂದು ಕಡತ 4 ಜಿಬಿಗೆ ನಿಂತುಬಿಡುತ್ತದೆ ಎಂಬುದು ನೆನಪಿರಲಿ. ಮಟ್ಟವನ್ನು ಮೀಟರಿನಲ್ಲಿ ಅತಿ ಜೋರಾದ ಸದ್ದು -12ರಿಂದ -6 ಡೆಸಿಬೆಲ್ ನಡುವೆ ಬೀಳುವಂತೆ ಇಡಿ. ಸಂಗೀತದಲ್ಲಿ ತನಿಯ ಹೊತ್ತಿಗೆ ಮಟ್ಟ ಏರುತ್ತದೆ, ಆಲಾಪನೆ ನೋಡಿಕೊಂಡು ಹೊಂದಿಸಿದರೆ ಮೃದಂಗ ಒಡೆಯುತ್ತದೆ.

ರೇಡಿಯೊದ ಹೆಡ್‌ಫೋನ್ ಕಿಂಡಿಯಿಂದ ಫೋನಿನ ಮೈಕ್ ಕಿಂಡಿಗೆ ನೇರ ತಂತಿ ಹಾಕಿದರೆ ಧ್ವನಿ ಚಿಂದಿಯಾಗುತ್ತದೆ. ಮೈಕ್ ಕಾಯುವುದು ಮಿಲಿವೋಲ್ಟ್‌ಗಳನ್ನು, ಹೆಡ್‌ಫೋನ್ ಕೊಡುವುದು ಅದರ ನೂರು ಪಟ್ಟು. ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಇರುವ ತಂತಿ ಬೇಕು. ಅದಿಲ್ಲದಿದ್ದರೆ ಎಫ್‌ಎಂ ಸೆಟ್ಟಿನಲ್ಲೇ ಮುದ್ರಣ ಸೌಲಭ್ಯ ಇರುವಂಥದ್ದು ವಾಸಿ. ಫೋನನ್ನು ಚಾರ್ಜಿಗೆ ಹಾಕಿಕೊಂಡು ಮಧ್ಯಮ ತರಂಗ ಮುದ್ರಿಸಬೇಡಿ, ಚಾರ್ಜರಿನ ಗುಂಯ್ ಕೂಡ ಸೇರಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ಮಧ್ಯೆ ಬಂದ ಒಂದು ಕರೆ ಮುದ್ರಣವನ್ನೇ ನಿಲ್ಲಿಸಬಹುದು. ಐದು ನಿಮಿಷ ಮೊದಲು ಶುರು, ಹತ್ತು ನಿಮಿಷ ತಡವಾಗಿ ಕೊನೆ. ಮುದ್ರಿಸಿದ್ದು ಸ್ವಂತಕ್ಕೆ ಕೇಳಿಕೊಳ್ಳಲು; ಯೂಟ್ಯೂಬಿಗೆ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ, ಬರಬೇಕಾದ್ದೇ.

ಫೋನ್-ಇನ್‌ಗೆ ಕರೆ ಮಾಡುವವರು ಆ್ಯಪ್ ಬಿಟ್ಟು ರೇಡಿಯೊ ಸೆಟ್ಟನ್ನೇ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ‘ಈಗ ಕರೆ ಮಾಡಿ’ ಎಂದು ಕೇಳಿಸುವ ಹೊತ್ತಿಗೆ ಸಾಲು ತುಂಬಿರುತ್ತದೆ. ಕರೆ ಸಿಕ್ಕಮೇಲೆ ಸೆಟ್ಟನ್ನು ಆರಿಸಿಬಿಡಿ, ಧ್ವನಿ ತಗ್ಗಿಸಿದರೆ ಸಾಲದು: ನಿಮ್ಮ ಮಾತು ರೇಡಿಯೊದಿಂದ ಹೊರಟು ಫೋನಿನೊಳಗೆ ಹೊಕ್ಕು ಮತ್ತೆ ಪ್ರಸಾರಕ್ಕೆ ಹೋದರೆ ಕೂಗು ಹುಟ್ಟುತ್ತದೆ, ಸ್ಟುಡಿಯೊದವರು ಕರೆ ಕತ್ತರಿಸುತ್ತಾರೆ. ಸ್ಪೀಕರ್ ಫೋನ್ ಬೇಡ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಓದಿ ನೋಡಿ, ಮೂವತ್ತು ಸೆಕೆಂಡಿಗೆ ಮೀರಿದರೆ ಕತ್ತರಿಸಿ. ಬೆಳೆಯ ಬಗ್ಗೆಯಾದರೆ ಗಿಡದ ವಯಸ್ಸು, ಎಷ್ಟು ದಿನದಿಂದ ತೊಂದರೆ, ಈಗಾಗಲೇ ಏನು ಸಿಂಪಡಿಸಿದ್ದೀರಿ, ಇಷ್ಟನ್ನು ಮೊದಲೇ ಹೇಳಿದರೆ ತಜ್ಞರು ಮರುಪ್ರಶ್ನೆಯಲ್ಲಿ ಹೊತ್ತು ಕಳೆಯಬೇಕಾಗಿಲ್ಲ.

ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ಕೇಂದ್ರ, ಆಮೇಲೆ ವ್ಯಕ್ತಿಯ ಹೆಸರು ಎಂಬ ಕ್ರಮ ಇಟ್ಟುಕೊಂಡರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಕಛೇರಿಯಾದರೆ ರಾಗದ ಹೆಸರನ್ನು ಉದ್ಘೋಷಕರು ಹೇಳಿದ ಕೂಡಲೇ ಬರೆದುಕೊಳ್ಳಿ. ಮುಗಿದ ಮೇಲೆ ಇನ್ನೊಮ್ಮೆ ಹೇಳುತ್ತಾರೆ ಎಂದು ಕಾಯಬೇಡಿ, ಹೊತ್ತು ಮೀರಿದ ದಿನ ಅದನ್ನು ನುಂಗಿ ನೇರ ವಾರ್ತೆಗೆ ಹೋಗಿಬಿಡುತ್ತಾರೆ.